ಶಾಲಾ ಪ್ರಯೋಗಾಲಯದಲ್ಲಿ ಸೂಚಕಗಳ ಅನಿರೀಕ್ಷಿತ ಬಣ್ಣ: ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ನೀರು ಮತ್ತು ರಸಾಯನ

ಸೂಚಕದ ಅನಿರೀಕ್ಷಿತ ವರ್ಣಬದಲಾವಣೆ ಎಂದರೆ ಆಮ್ಲ–ಪ್ರತ್ಯಾಮ್ಲ ಪ್ರಯೋಗದಲ್ಲಿ ಬಳಸಿದ ಸೂಚಕವು ಪಠ್ಯಪುಸ್ತಕ ಹೇಳಿದ ಬಣ್ಣವನ್ನು ತೋರದಿರುವುದು, ತೋರಿದ ಬಣ್ಣವನ್ನು ಉಳಿಸಿಕೊಳ್ಳದಿರುವುದು ಅಥವಾ ಪುಸ್ತಕದಲ್ಲೇ ಇಲ್ಲದ ಬಣ್ಣಕ್ಕೆ ತಿರುಗುವುದು. ಇಂಥ ಪ್ರಸಂಗಗಳಲ್ಲಿ ಸೂಚಕವೇ ಕೆಟ್ಟಿರುವುದು ಕಡಿಮೆ. ದ್ರಾವಣಕ್ಕೆ ಬಳಸಿದ ನೀರು, ಗಾಜಿನ ಪಾತ್ರೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಅಥವಾ ಬಾಟಲಿಯಲ್ಲಿ ಹಳತಾದ ರಾಸಾಯನಿಕ, ಇವುಗಳಲ್ಲಿ ಒಂದು ಲೆಕ್ಕಕ್ಕೆ ಬಾರದೆ ಒಳಸೇರಿರುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಅಬ್ ಪ್ರದೇಶದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ನೀರು.

ಈ ಲೇಖನದಲ್ಲಿ ಕ್ಷಾರ ಎಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ. ಅನುಮಾಪನವೆಂದರೆ ಬ್ಯುರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಟ್ಟು ಇನ್ನೊಂದರ ಸಾರತೆಯನ್ನು ಅಳೆಯುವ ಕ್ರಮ. ಬಣ್ಣ ಬದಲಾಗುವ ಘಟ್ಟ ಅಂತ್ಯಬಿಂದು. ಪಿಎಚ್ ಮತ್ತು ಕ್ಷಾರೀಯತೆ ಬೇರೆಬೇರೆ ಅಳತೆಗಳು. ಪಿಎಚ್ ಆ ಕ್ಷಣದ ಆಮ್ಲೀಯ ಅಥವಾ ಕ್ಷಾರೀಯ ಸ್ಥಿತಿಯನ್ನು ಹೇಳುತ್ತದೆ. ಕ್ಷಾರೀಯತೆ ಆ ನೀರು ಎಷ್ಟು ಆಮ್ಲವನ್ನು ನುಂಗಿಕೊಳ್ಳಬಲ್ಲದು ಎಂಬುದನ್ನು. ಗೊಂದಲದ ಅರ್ಧಪಾಲು ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ.

ಹಿನ್ನೆಲೆ

ಸಸ್ಯರಸದ ಬಣ್ಣದಿಂದ ಆಮ್ಲ ಮತ್ತು ಕ್ಷಾರಗಳನ್ನು ಗುರುತಿಸುವ ವಿಧಾನವನ್ನು ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳ ಕುರಿತ ತನ್ನ ಗ್ರಂಥದಲ್ಲಿ ವ್ಯವಸ್ಥಿತವಾಗಿ ವಿವರಿಸಿದ. ಅವನು ಬಳಸಿದ್ದು ವಯೊಲೆಟ್ ಹೂವಿನ ಪಾನಕ. ಕಲ್ಲುಹೂವುಗಳಿಂದ ತೆಗೆಯುವ ಲಿಟ್ಮಸ್ ಅದಕ್ಕೂ ಹಳೆಯದು. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫಿನಾಲ್ಫ್ಥಲೀನ್ ಅನ್ನು ಸಂಶ್ಲೇಷಿಸಿದ; ಕೆಲವೇ ವರ್ಷಗಳಲ್ಲಿ ಅದೂ ಮೀಥೈಲ್ ಆರೆಂಜ್ ಕೂಡ ಅನುಮಾಪನದ ಮೇಜಿಗೆ ಬಂದವು. ಪಿಎಚ್ ಮಾಪಕವನ್ನು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ 1909ರಲ್ಲಿ ರೂಪಿಸಿದ.

ಕನ್ನಡ ನಾಡಿನ ಮನೆಗಳಲ್ಲಿ ಸೂಚಕದ ಬಳಕೆಗೆ ಶಾಲೆಯ ಹಂಗಿರಲಿಲ್ಲ. ಅರಿಶಿನ ಕದಡಿದ ನೀರಿಗೆ ಸುಣ್ಣ ಹಾಕಿ ಕೆಂಪಾರತಿ ಮಾಡುವುದು ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗುವ ಕ್ರಿಯೆಯೇ. ಕುಂಕುಮದ ಸಾಂಪ್ರದಾಯಿಕ ತಯಾರಿಯಲ್ಲಿ ಅರಿಶಿನಕ್ಕೆ ನಿಂಬೆರಸದ ಜೊತೆ ಬಿಳಿಗಾರ ಸೇರುತ್ತದೆ. ಅಲ್ಲಿ ಕೆಂಪಿಗೆ ಕಾರಣ ಬೇರೆ; ಅದು ಮುಂದೆ ಬರುತ್ತದೆ.

ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಉರ್ದು ಪ್ರಧಾನವಾಗಿದ್ದ ಆ ಶಿಕ್ಷಣ ವ್ಯವಸ್ಥೆಯಿಂದ ಕನ್ನಡ ಮಾಧ್ಯಮದ ವಿಜ್ಞಾನ ಬೋಧನೆಗೆ ಹೊರಳಿದ್ದು ರಾಜ್ಯ ಪುನರ್ವಿಂಗಡಣೆಯ ನಂತರ. ಈಗ ಹತ್ತನೇ ತರಗತಿಯಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಕನ್ನಡ ರೂಪ ಬಳಕೆಯಲ್ಲಿದೆ. ಅದರ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಅಧ್ಯಾಯದಲ್ಲಿ ಲಿಟ್ಮಸ್, ಅರಿಶಿನ, ಫಿನಾಲ್ಫ್ಥಲೀನ್, ಮೀಥೈಲ್ ಆರೆಂಜ್ ಎಲ್ಲವೂ ಬರುತ್ತವೆ. ಪದವಿಪೂರ್ವ ಹಂತದಲ್ಲಿ ಅನುಮಾಪನ ಪ್ರಾಯೋಗಿಕ ಪರೀಕ್ಷೆಯ ಭಾಗ.

ಬಣ್ಣ ಬದಲಾಗುವ ಬಗೆ

ಆಮ್ಲ–ಪ್ರತ್ಯಾಮ್ಲ ಸೂಚಕವೆಂಬುದು ಸಾಮಾನ್ಯವಾಗಿ ತಾನೇ ಒಂದು ದುರ್ಬಲ ಆಮ್ಲ ಅಥವಾ ಪ್ರತ್ಯಾಮ್ಲ. ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡಾಗ ಒಂದು ಬಣ್ಣ, ಬಿಟ್ಟಾಗ ಇನ್ನೊಂದು. ಎರಡು ರೂಪಗಳ ಪ್ರಮಾಣ ಸುಮಾರು ಹತ್ತಕ್ಕೆ ಒಂದಾದಾಗ ಮಾತ್ರ ಕಣ್ಣಿಗೆ ಒಂದೇ ಬಣ್ಣ ಕಾಣುವುದರಿಂದ, ಬದಲಾವಣೆ ಒಂದು ಬಿಂದುವಿನಲ್ಲಿ ಆಗದೆ ಸುಮಾರು ಎರಡು ಪಿಎಚ್ ಅಂಕಗಳ ಅಂತರದಲ್ಲಿ ಆಗುತ್ತದೆ.

ಮೀಥೈಲ್ ಆರೆಂಜ್ 3.1ರ ಕೆಳಗೆ ಕೆಂಪು, 4.4ರ ಮೇಲೆ ಹಳದಿ. ಬ್ರೋಮೋಥೈಮಾಲ್ ನೀಲಿ 6.0ರ ಕೆಳಗೆ ಹಳದಿ, 7.6ರ ಮೇಲೆ ನೀಲಿ. ಫಿನಾಲ್ಫ್ಥಲೀನ್ ಸುಮಾರು 8.2ರವರೆಗೆ ಬಣ್ಣವಿಲ್ಲದೆ ಇದ್ದು 10ರ ಹೊತ್ತಿಗೆ ಗಾಢ ಗುಲಾಬಿಯಾಗುತ್ತದೆ. ಲಿಟ್ಮಸ್‌ನ ವ್ಯಾಪ್ತಿ ಹೆಚ್ಚು ಅಗಲ, ಸುಮಾರು 5ರಿಂದ 8.

ಈ ಅಂಕಿಗಳಲ್ಲಿಯೇ ಕೆಲವು ‘ತಪ್ಪು’ ಬಣ್ಣಗಳ ಉತ್ತರವಿದೆ. ಬರೀ ನೀರಿಗೆ ಮೀಥೈಲ್ ಆರೆಂಜ್ ಹಾಕಿದರೆ ಹಳದಿ ಬರುತ್ತದೆ. ಪಿಎಚ್ 5 ಇರುವ ಆಮ್ಲೀಯ ನೀರಿಗೆ ಹಾಕಿದರೂ ಹಳದಿಯೇ. ಹಳದಿ ಎಂದರೆ ಕ್ಷಾರ ಎಂದು ಉರುಹೊಡೆದ ವಿದ್ಯಾರ್ಥಿಗೆ ಎರಡೂ ಕ್ಷಾರವಾಗಿ ಕಾಣುತ್ತವೆ. ಅಡುಗೆ ಸೋಡಾದ ಹೊಸ ದ್ರಾವಣದ ಪಿಎಚ್ ಸುಮಾರು 8.3, ಅದು ಪ್ರತ್ಯಾಮ್ಲೀಯವೇ ಆದರೂ ಫಿನಾಲ್ಫ್ಥಲೀನ್ ಅದರಲ್ಲಿ ತೀರ ತೆಳು ಗುಲಾಬಿ ತೋರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಅದೇ ದ್ರಾವಣವನ್ನು ಕುದಿಸಿದರೆ ಬೈಕಾರ್ಬನೇಟ್ ಒಡೆದು ಕಾರ್ಬನೇಟ್ ಆಗಿ ಗುಲಾಬಿ ದಟ್ಟವಾಗುತ್ತದೆ. ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾಗಳ ಡಬ್ಬಿ ಅದಲುಬದಲಾದರೆ ಇದೇ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ.

ಪ್ರದೇಶದ ನೀರು

ರಾಯಚೂರು ನಗರಕ್ಕೆ ಕುಡಿಯುವ ನೀರು ಎರಡೂ ನದಿಗಳಿಂದ ಬರುತ್ತದೆ. ಮಾನ್ವಿ ತಾಲ್ಲೂಕಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಹರಿಯುತ್ತದೆ. ಕಾಲುವೆ ತಲುಪದ ಊರುಗಳು ಬೋರ್‌ವೆಲ್ ನಂಬಿವೆ. ಗ್ರಾನೈಟ್ ಮತ್ತು ನೈಸ್ ಶಿಲೆಯ ಬಿರುಕುಗಳಿಂದ ಬರುವ ಈ ಅಂತರ್ಜಲದಲ್ಲಿ ಬೈಕಾರ್ಬನೇಟ್, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುತ್ತವೆ. ಜಿಲ್ಲೆಯ ಕೆಲವು ಭಾಗಗಳಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಕೂಡ ಮಿತಿ ಮೀರಿವೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಕ್ಷಾರೀಯತೆ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. ಕುಡಿಯಲು ಸಹ್ಯವಾದ ಈ ನೀರು ಅನುಮಾಪನಕ್ಕೆ ಸಹ್ಯವಲ್ಲ.

ಲೆಕ್ಕ ಸರಳ. 300 ಮಿಲಿಗ್ರಾಂ ಕ್ಷಾರೀಯತೆಯ ಒಂದು ಲೀಟರ್ ನೀರು 6 ಮಿಲಿತುಲ್ಯಾಂಕ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಪ್ರನಾಳದಲ್ಲಿ ಇಂಥ 10 ಮಿಲಿಲೀಟರ್ ನೀರು, ಎರಡು ಹನಿ ಮೀಥೈಲ್ ಆರೆಂಜ್ ತೆಗೆದುಕೊಂಡು 0.1 ನಾರ್ಮಲ್ (ಲೀಟರಿಗೆ 100 ಮಿಲಿತುಲ್ಯಾಂಕ) ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾ ಹೋದರೆ ಮೊದಲ ಹತ್ತು ಹನಿಗೆ ಬಣ್ಣ ಹೆಚ್ಚುಕಡಿಮೆ ಅಲುಗುವುದಿಲ್ಲ. ಸುಮಾರು ಹನ್ನೆರಡನೆಯ ಹನಿಗೆ ತಿರುಗುತ್ತದೆ. ಇದೇ ನೀರಿನಲ್ಲಿ 0.005 ನಾರ್ಮಲ್ ಆಮ್ಲ ತಯಾರಿಸಲು ಹೊರಟರೆ ಆಮ್ಲವೆಲ್ಲ ಬೈಕಾರ್ಬನೇಟಿಗೇ ಸಂದುಹೋಗುತ್ತದೆ. ಬಾಟಲಿಯ ಚೀಟಿಯಲ್ಲಿ ಆಮ್ಲ ಇರುತ್ತದೆ, ಬಾಟಲಿಯಲ್ಲಿ ಇರುವುದಿಲ್ಲ.

ಅನುಮಾಪನದಲ್ಲಿ ಇದು ಇನ್ನೂ ಸೂಕ್ಷ್ಮವಾಗಿ ಕಾಡುತ್ತದೆ. ಫ್ಲಾಸ್ಕಿನಲ್ಲಿ 10 ಮಿಲಿಲೀಟರ್ 0.1 ನಾರ್ಮಲ್ ಆಮ್ಲ ಇದೆ. ಬಣ್ಣ ಚೆನ್ನಾಗಿ ಕಾಣಲೆಂದು ಅದಕ್ಕೆ 20 ಮಿಲಿಲೀಟರ್ ಬೋರ್‌ವೆಲ್ ನೀರು ಬೆರೆಸಲಾಗಿದೆ ಎನ್ನೋಣ. ಮೀಥೈಲ್ ಆರೆಂಜ್ ಬಳಸಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಅಂತ್ಯಬಿಂದು 10ರ ಬದಲು 8.8 ಮಿಲಿಲೀಟರಿಗೇ ಬಂದುಬಿಡುತ್ತದೆ. ಫಿನಾಲ್ಫ್ಥಲೀನ್ ಬಳಸಿದರೆ ಉತ್ತರ 10ರ ಹತ್ತಿರಕ್ಕೆ ಹೋಗುತ್ತದೆ, ಏಕೆಂದರೆ ಬೈಕಾರ್ಬನೇಟಿನಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಮತ್ತೆ ಕ್ಷಾರವನ್ನು ಬೇಡುತ್ತದೆ. ಆದರೆ ಗುಲಾಬಿ ಬಂದುಬಂದು ಮಾಯವಾಗುತ್ತದೆ. ಫ್ಲಾಸ್ಕನ್ನು ಜೋರಾಗಿ ಅಲುಗಾಡಿಸಿದವನ ಅನಿಲ ಹಾರಿಹೋಗಿ ಉತ್ತರ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಒಂದೇ ಮೇಜಿನ ಮೂವರಿಗೆ ಮೂರು ಉತ್ತರ ಬರಲು ಯಾರೂ ತಪ್ಪು ಓದಬೇಕಾಗಿಲ್ಲ.

ಗಡಸು ನೀರಿನಲ್ಲಿ ಆಕ್ಸಾಲಿಕ್ ಆಮ್ಲ ಕರಗಿಸಿದಾಗ ದ್ರಾವಣ ಬೆಳ್ಳಗೆ ಕದಡುವುದೂ ಇದೇ ಗುಂಪಿನದು: ಕ್ಯಾಲ್ಸಿಯಂ ಆಕ್ಸಲೇಟ್ ಒತ್ತರಿಸಿ ಬೀಳುತ್ತದೆ, ಪ್ರಮಾಣಿತ ದ್ರಾವಣ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ.

ಬೋರ್‌ವೆಲ್ ನೀರನ್ನು ಕುದಿಸಿ ಶುದ್ಧಿ ಮಾಡಿಕೊಂಡೆವೆಂಬ ನಂಬಿಕೆ ಇನ್ನೊಂದು ಅಚ್ಚರಿ ತರುತ್ತದೆ. ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ನೀರು ಕುದಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಕಾರ್ಬನೇಟ್ ಉಳಿಯುತ್ತದೆ. ತಣ್ಣಗಿದ್ದಾಗ ಫಿನಾಲ್ಫ್ಥಲೀನಿಗೆ ಬಣ್ಣ ಕೊಡದ ನೀರು ಕುದಿದ ಮೇಲೆ ಗುಲಾಬಿ ಕೊಡುತ್ತದೆ. ಕುದಿಸುವುದರಿಂದ ರೋಗಾಣು ಸಾಯುತ್ತವೆ. ಕರಗಿದ ಲವಣಗಳು ಬಹುಪಾಲು ಅಲ್ಲಿಯೇ ಉಳಿಯುತ್ತವೆ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ (ಪೊರೆಯ ಮೂಲಕ ಒತ್ತಡದಿಂದ ಹಾಯಿಸಿದ) ನೀರು ಇದಕ್ಕೆ ವಿರುದ್ಧ ದಿಕ್ಕಿನ ಬಣ್ಣ ತೋರುತ್ತದೆ. ಪೊರೆ ಬೈಕಾರ್ಬನೇಟನ್ನು ತಡೆಯುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡ್ ಮಾತ್ರ ಪೊರೆಯನ್ನು ದಾಟಿ ಬರುತ್ತದೆ. ಹೀಗಾಗಿ ಆರ್‌ಒ ನೀರು ತುಸು ಆಮ್ಲೀಯ, ಬ್ರೋಮೋಥೈಮಾಲ್ ನೀಲಿ ಅದರಲ್ಲಿ ಹಳದಿಗೆ ಅಥವಾ ಹಸಿರು ಮಿಶ್ರಿತ ಹಳದಿಗೆ ವಾಲುತ್ತದೆ. ಬಾಯಿ ತೆರೆದಿಟ್ಟ ಬಟ್ಟಿ ನೀರಿನ ಪಿಎಚ್ ಕೂಡ ಗಾಳಿಯ ಸಂಪರ್ಕದಿಂದ 5.6ರ ಸುಮಾರಿಗೆ ಇಳಿಯುತ್ತದೆ. ಎರಡೂ ನಿಜವಾದ ಆಮ್ಲೀಯತೆಗಳೇ, ಆದರೆ ಹಿಂದೆ ಬಲವಿಲ್ಲದವು: ಒಂದು ಹನಿ ತೆಳು ಕ್ಷಾರ ಬಿದ್ದರೆ ಅಳಿಸಿಹೋಗುತ್ತವೆ. ಆದ್ದರಿಂದ ಶಾಲಾ ಅನುಮಾಪನಕ್ಕೆ ಬೋರ್‌ವೆಲ್ ನೀರಿಗಿಂತ ಆರ್‌ಒ ನೀರು ಎಷ್ಟೋ ಮೇಲು. ವಾಹನದ ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಮಾರುವ ಖನಿಜಮುಕ್ತ ನೀರು ಇನ್ನೂ ಒಳ್ಳೆಯದು. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಸ್ಥಾವರಗಳ ಬಾಯ್ಲರಿಗೂ ಬೇಕಾಗುವುದು ಇಂಥದೇ ಖನಿಜ ತೆಗೆದ ನೀರು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬ್ಲೀಚಿಂಗ್ ಪುಡಿ ಹೆಚ್ಚಾದ ದಿನ ಸೂಚಕ ಬಣ್ಣ ಬದಲಿಸುವುದಿಲ್ಲ, ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಲಿಟ್ಮಸ್ ಬಿಳಿಚುತ್ತದೆ, ಮೀಥೈಲ್ ಆರೆಂಜ್ ಮಸುಕಾಗುತ್ತದೆ. ನೀರಿಗೆ ಮೊದಲೇ ಒಂದೆರಡು ಹರಳು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಿ ಮತ್ತೆ ಪ್ರಯತ್ನಿಸಿದಾಗ ಬಣ್ಣ ಉಳಿದರೆ ಕಾರಣ ಕ್ಲೋರಿನ್ ಎಂದು ಖಚಿತ.

ವಿಧಗಳು

ಮಾಯವಾಗುವ ಗುಲಾಬಿ. ಫಿನಾಲ್ಫ್ಥಲೀನಿನ ಗುಲಾಬಿ ಎರಡು ಬೇರೆಬೇರೆ ಕಾರಣಗಳಿಂದ ಅಳಿಯುತ್ತದೆ, ಮದ್ದೂ ಎರಡು ಬಗೆ. ಅಂತ್ಯಬಿಂದುವಿನ ಹತ್ತಿರ ಬಂದ ತೆಳು ಗುಲಾಬಿ ಅರೆ ನಿಮಿಷದಲ್ಲಿ ಹೋದರೆ ಅದು ಇಂಗಾಲದ ಡೈಆಕ್ಸೈಡಿನ ಕೆಲಸ. ಇನ್ನೊಂದು ಹನಿ ಕ್ಷಾರ ಬಿಟ್ಟರೆ ಮರಳುತ್ತದೆ. ಅದಕ್ಕಾಗಿಯೇ 30 ಸೆಕೆಂಡ್ ನಿಲ್ಲುವ ಗುಲಾಬಿಯನ್ನು ಅಂತ್ಯಬಿಂದುವೆಂದು ಹಿಡಿಯುವ ವಾಡಿಕೆ. ಆದರೆ ಗಾಢ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೇ ನೇರವಾಗಿ ಸೂಚಕ ಹಾಕಿದಾಗ ಕಡು ಗುಲಾಬಿ ಬಂದು ಕೆಲವು ನಿಮಿಷಗಳಲ್ಲಿ ಬಣ್ಣವಿಲ್ಲದಾಗುವುದು ಬೇರೆಯೇ ಕ್ರಿಯೆ. ಪಿಎಚ್ 13ರ ಆಸುಪಾಸಿನಲ್ಲಿ ಹೈಡ್ರಾಕ್ಸೈಡ್ ಅಯಾನು ಸೂಚಕದ ಅಣುವಿಗೇ ಅಂಟಿಕೊಂಡು ಬಣ್ಣವಿಲ್ಲದ ರೂಪ ಕೊಡುತ್ತದೆ. ಇಲ್ಲಿ ಮತ್ತಷ್ಟು ಕ್ಷಾರ ಬಿಟ್ಟರೆ ಪ್ರಯೋಜನವಿಲ್ಲ. ಚೆನ್ನಾಗಿ ನೀರು ಬೆರೆಸಿ ತೆಳುಗೊಳಿಸಿದರೆ ಗುಲಾಬಿ ನಿಧಾನವಾಗಿ ಮರಳುತ್ತದೆ. ಮೊದಲನೆಯದಕ್ಕೆ ಕ್ಷಾರ, ಎರಡನೆಯದಕ್ಕೆ ನೀರು. ಈ ಒಂದು ಪರೀಕ್ಷೆಯೇ ಎರಡನ್ನೂ ಬೇರ್ಪಡಿಸುತ್ತದೆ.

ಅರ್ಧಕ್ಕೇ ಮುಗಿಯುವ ಅನುಮಾಪನ. ಸೋಡಿಯಂ ಕಾರ್ಬನೇಟನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಳೆಯುವಾಗ ಎರಡು ಮೆಟ್ಟಿಲುಗಳಿವೆ. ಕಾರ್ಬನೇಟ್ ಬೈಕಾರ್ಬನೇಟ್ ಆಗುವುದು ಪಿಎಚ್ 8.3ರ ಬಳಿ, ಅಲ್ಲಿ ಫಿನಾಲ್ಫ್ಥಲೀನ್ ಬಣ್ಣ ಬಿಡುತ್ತದೆ. ಬೈಕಾರ್ಬನೇಟ್ ಕಾರ್ಬಾನಿಕ್ ಆಮ್ಲವಾಗುವುದು 4ರ ಬಳಿ, ಅಲ್ಲಿ ಮೀಥೈಲ್ ಆರೆಂಜ್ ತಿರುಗುತ್ತದೆ. ಸಮ ಸಾರತೆಯ 20 ಮಿಲಿಲೀಟರ್ ಕಾರ್ಬನೇಟಿಗೆ ಮೊದಲನೆಯದು 10, ಎರಡನೆಯದು 20 ಎನ್ನುತ್ತದೆ. ಎರಡೂ ಸರಿ. ಸೂಚಕದ ಆಯ್ಕೆ ತಪ್ಪಿದರೆ ಉತ್ತರ ಸರಿಯಾಗಿ ಅರ್ಧವಾಗುತ್ತದೆ, ಮತ್ತು ಆ ‘ಸರಿಯಾಗಿ ಅರ್ಧ’ವೇ ಸುಳಿವು. ಹಾಗೆಯೇ ಆಕ್ಸಾಲಿಕ್ ಆಮ್ಲ ದುರ್ಬಲವಾದ್ದರಿಂದ ಸೋಡಿಯಂ ಹೈಡ್ರಾಕ್ಸೈಡಿನ ಜೊತೆ ಅದಕ್ಕೆ ಫಿನಾಲ್ಫ್ಥಲೀನ್ ಬೇಕು. ಮೀಥೈಲ್ ಆರೆಂಜ್ ಹಾಕಿದರೆ ಬಣ್ಣ ಬಹಳ ಮೊದಲೇ, ಎಳೆದಾಡುತ್ತಾ ಬದಲಾಗುತ್ತದೆ.

ಹಳೆಯ ಸೋಡಿಯಂ ಹೈಡ್ರಾಕ್ಸೈಡ್. ಮುಚ್ಚಳ ಸಡಿಲವಾದ ಬಾಟಲಿಯಲ್ಲಿ ಅದು ಗಾಳಿಯಿಂದ ಕಾರ್ಬನೇಟ್ ಕಟ್ಟಿಕೊಳ್ಳುತ್ತದೆ. ಅದನ್ನು ಪ್ರಬಲ ಆಮ್ಲದೊಡನೆ ಒಮ್ಮೆ ಫಿನಾಲ್ಫ್ಥಲೀನ್, ಒಮ್ಮೆ ಮೀಥೈಲ್ ಆರೆಂಜ್ ಬಳಸಿ ಅಳೆಯಬೇಕು. ಶುದ್ಧ ದ್ರಾವಣಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತವೆ; ಅಂತರ ಬಂದರೆ ಕಾರ್ಬನೇಟ್ ಸೇರಿದೆ.

ಲಿಟ್ಮಸ್ ಹಾಳೆಯ ಆಟ. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಪಕ್ಕದ ಕಪಾಟಿನಲ್ಲಿ ತೆರೆದಿಟ್ಟ ನೀಲಿ ಲಿಟ್ಮಸ್ ಬಳಸುವ ಮುಂಚೆಯೇ ಕೆಂಪಾಗಿರುತ್ತದೆ. ಅಮೋನಿಯಾ ಬಾಟಲಿಯೂ ಅದೇ ಕಪಾಟಿನಲ್ಲಿದ್ದರೆ ಗಾಜಿನ ಮೇಲೆ ಬಿಳಿ ಅಮೋನಿಯಂ ಕ್ಲೋರೈಡ್ ಪುಡಿ ಕೂರುತ್ತದೆ. ಅದು ಕಂಡರೆ ಆ ಕಪಾಟಿನ ಎಲ್ಲ ಸೂಚಕಗಳೂ ಅನುಮಾನಕ್ಕೆ ಒಳಗಾಗಬೇಕು. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲ ಒಣ ಲಿಟ್ಮಸ್ ಬಣ್ಣ ಬದಲಿಸುವುದಿಲ್ಲ ಎಂದು ತೋರಿಸುವ ಹತ್ತನೇ ತರಗತಿಯ ಚಟುವಟಿಕೆ ಇದಕ್ಕೆ ಹತ್ತಿರದ್ದು. ಹವೆ ತೇವವಾಗಿದ್ದರೆ ಅನಿಲವನ್ನು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ನಳಿಕೆಯ ಮೂಲಕ ಹಾಯಿಸಬೇಕೆಂದು ಪುಸ್ತಕವೇ ಸೂಚಿಸುತ್ತದೆ. ರಾಯಚೂರಿನ ಏಪ್ರಿಲ್ ಒಣ ಹವೆಯಲ್ಲಿ ಈ ಪ್ರಯೋಗ ಸಲೀಸು, ಆಗಸ್ಟಿನಲ್ಲಿ ನಳಿಕೆ ಬೇಕೇ ಬೇಕು.

ಸೂಚಕದ ಬಾಟಲಿ. ಫಿನಾಲ್ಫ್ಥಲೀನ್ ಆಲ್ಕೋಹಾಲಿನಲ್ಲಿ ಕರಗಿರುತ್ತದೆ. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಬಿರಡೆ ಸರಿಯಿಲ್ಲದ ಬಾಟಲಿಯಿಂದ ಆಲ್ಕೋಹಾಲ್ ಆರಿ, ಪುಡಿ ತಳಕ್ಕೆ ಕೂತು, ಮೇಲಿನ ದ್ರಾವಣ ದುರ್ಬಲವಾಗುತ್ತದೆ. ಸೂಚಕ ಸಾಲದೆಂದು ಹತ್ತಿಪ್ಪತ್ತು ಹನಿ ಸುರಿದರೆ ನೀರಿನಲ್ಲಿ ಅದು ಹಾಲಿನಂತೆ ಕದಡುತ್ತದೆ. ಅದನ್ನು ಒತ್ತರವೆಂದು ಬರೆದುಕೊಳ್ಳುವವರುಂಟು. ಎರಡು ಮೂರು ಹನಿ ಸಾಕು. ಸೂಚಕ ತಾನೇ ದುರ್ಬಲ ಆಮ್ಲವಾದ್ದರಿಂದ ಹೆಚ್ಚಾದಷ್ಟೂ ಅನುಮಾಪನದಲ್ಲಿ ಪಾಲು ಕೇಳುತ್ತದೆ.

ಪಾತ್ರೆ. ಸೋಪಿನ ಪುಡಿ, ಬಟ್ಟೆ ಸೋಡಾ ಅಥವಾ ಬೂದಿಯಿಂದ ತಿಕ್ಕಿ ಅರೆಬರೆ ತೊಳೆದ ಪ್ರನಾಳ ಕ್ಷಾರದ ಲೇಪ ಉಳಿಸಿಕೊಳ್ಳುತ್ತದೆ. ಬೂದಿಯಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಕಾರ್ಬನೇಟ್. ಬರೀ ನೀರು ಹಾಕಿದ ಅದೇ ಪ್ರನಾಳ ಗುಲಾಬಿ ತೋರಿದರೆ ವಿಚಾರಣೆ ಮುಗಿದಂತೆ. ಬ್ಯುರೆಟ್ಟನ್ನು ಅದರೊಳಗೆ ಹಾಕುವ ದ್ರಾವಣದಿಂದಲೇ ತೊಳೆಯಬೇಕು. ಶಂಕುವಿನಾಕಾರದ ಫ್ಲಾಸ್ಕನ್ನು ಮಾತ್ರ ಬಟ್ಟಿ ನೀರಿನಿಂದ. ಇವೆರಡು ಅದಲುಬದಲಾಗುವುದು ಪದವಿಪೂರ್ವ ಪ್ರಯೋಗಾಲಯದ ಅತಿ ಹಳೆಯ ತಪ್ಪು.

ಕಂದಾಗುವ ಪರ್ಮಾಂಗನೇಟ್. ಪೊಟ್ಯಾಸಿಯಂ ಪರ್ಮಾಂಗನೇಟ್ ಅನುಮಾಪನದಲ್ಲಿ ಅದೇ ತನ್ನ ಸೂಚಕ. ಆಕ್ಸಾಲಿಕ್ ಆಮ್ಲದ ಜೊತೆ ಗುಲಾಬಿಯ ಬದಲು ಕಂದು ಬಂದರೆ ಗಂಧಕಾಮ್ಲ ಕಡಿಮೆಯಾಗಿದೆ, ಇಲ್ಲವೇ ಪರ್ಮಾಂಗನೇಟನ್ನು ಆತುರದಲ್ಲಿ ಬಿಡಲಾಗಿದೆ. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಮೊದಲ ಹನಿಗಳ ಬಣ್ಣ ಹೋಗಲು ತಡವಾಗುವುದು ದೋಷವಲ್ಲ: ದ್ರಾವಣ 60–70 ಡಿಗ್ರಿಗೆ ಬಿಸಿಯಾಗಿರಬೇಕು, ಮತ್ತು ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ವೇಗವರ್ಧಕ. ಗಂಧಕಾಮ್ಲದ ಜಾಗದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಕ್ಲೋರೈಡ್ ಕೂಡ ಪರ್ಮಾಂಗನೇಟನ್ನು ಖರ್ಚು ಮಾಡುತ್ತದೆ. ಆಕ್ಸಾಲಿಕ್ ಆಮ್ಲದ ಬದಲು ಮೋರ್ ಲವಣ (ಫೆರಸ್ ಅಮೋನಿಯಂ ಸಲ್ಫೇಟ್) ಅಳೆಯುವಾಗ ಮಾತ್ರ ಬಿಸಿ ಕೂಡದು. ಅದರ ಫೆರಸ್ ಅಯಾನು ಗಾಳಿಯಲ್ಲೇ ಉತ್ಕರ್ಷಣಗೊಳ್ಳುತ್ತದೆ.

ಮನೆಯ ಸೂಚಕಗಳು. ಅರಿಶಿನ ಆಮ್ಲದಲ್ಲಿ ಹಳದಿಯಾಗಿಯೇ ಇರಬೇಕು. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಕಡು ಗುಲಾಬಿ ಅಥವಾ ನೇರಳೆಗೆ ತಿರುಗಿ, ನೀರು ಬೆರೆಸಿದ ಮೇಲೂ ಆ ಬಣ್ಣ ಉಳಿದರೆ ಪುಡಿಯಲ್ಲಿ ಮೆಟಾನಿಲ್ ಹಳದಿಯ ಕಲಬೆರಕೆ ಇದೆ. ಆ ಕೃತಕ ಬಣ್ಣ ತಾನೇ ಒಂದು ಸೂಚಕ, ಪಿಎಚ್ 1.2ರಿಂದ 2.3ರ ನಡುವೆ ಕೆಂಪಿನಿಂದ ಹಳದಿಗೆ ಬದಲಾಗುವಂಥದು. ಇನ್ನೊಂದು ವಿಚಿತ್ರ ಬೋರಿಕ್ ಆಮ್ಲದ್ದು. ಅದು ಆಮ್ಲ, ಆದರೂ ಅದರ ದ್ರಾವಣದಲ್ಲಿ ಅದ್ದಿ ಒಣಗಿಸಿದ ಅರಿಶಿನದ ಹಾಳೆ ಕೆಂಗಂದಾಗುತ್ತದೆ. ಇಲ್ಲಿ ಬೋರಾನ್ ಕರ್ಕ್ಯುಮಿನಿನೊಡನೆ ಸಂಕೀರ್ಣ ಕಟ್ಟಿಕೊಳ್ಳುತ್ತದೆ. ಬೋರಾನಿನದೇ ಲವಣವಾದ ಬಿಳಿಗಾರದ ಕುಂಕುಮ ನಿಂಬೆರಸದಲ್ಲೂ ಕೆಂಪಾಗಿ ನಿಲ್ಲುವುದು ಇದರಿಂದಲೇ; ಸುಣ್ಣದ ಕೆಂಪಾರತಿಗೆ ನಿಂಬೆ ಹಿಂಡಿದರೆ ಕೂಡಲೇ ಹಳದಿಗೆ ಮರಳುತ್ತದೆ.

ದಾಸವಾಳದ ರಸ ಆಮ್ಲದಲ್ಲಿ ಕಡು ಗುಲಾಬಿ, ಕ್ಷಾರದಲ್ಲಿ ಹಸಿರು. ಸೆಕೆಯಲ್ಲಿ ಒಂದು ದಿನ ಬಿಟ್ಟರೆ ಹುಳಿತು ತನ್ನ ಆಮ್ಲದಿಂದಲೇ ಗುಲಾಬಿಯಾಗುತ್ತದೆ. ಪ್ರಬಲ ಕ್ಷಾರದಲ್ಲಿ ಹಸಿರು ನಿಲ್ಲದೆ ಹಳದಿಗೆ ಜಾರುತ್ತದೆ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದ ರಸ ಲೋಹದ ಅಯಾನುಗಳ ಸಂಗದಿಂದ ನೀಲಿ–ನೇರಳೆಗೆ ವಾಲುವುದೂ ಉಂಟು. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಅಂದಂದೇ ತೆಗೆದ ರಸವೇ ನಂಬಿಕೆಗೆ ಅರ್ಹ.

ಪತ್ತೆಯ ಕ್ರಮ

ಬಣ್ಣ ಕೈಕೊಟ್ಟಾಗ ಪ್ರಯೋಗವನ್ನು ಮೊದಲಿನಿಂದ ಮಾಡುವುದು ಸಾಮಾನ್ಯ ಪ್ರತಿಕ್ರಿಯೆ. ಅದೇ ನೀರು, ಅದೇ ಪಾತ್ರೆ ಬಳಸಿದರೆ ಅದೇ ಬಣ್ಣ ಬರುತ್ತದೆ. ಅದಕ್ಕಿಂತ ಮೂರು ಹೋಲಿಕೆ ಪ್ರನಾಳಗಳು ಹೆಚ್ಚು ಹೇಳುತ್ತವೆ: ಒಂದರಲ್ಲಿ ಪ್ರಯೋಗಕ್ಕೆ ಬಳಸಿದ ನೀರು ಮಾತ್ರ, ಒಂದರಲ್ಲಿ ಗೊತ್ತಿರುವ ಆಮ್ಲ, ಒಂದರಲ್ಲಿ ಗೊತ್ತಿರುವ ಕ್ಷಾರ, ಮೂರಕ್ಕೂ ಅದೇ ಬಾಟಲಿಯ ಸೂಚಕ, ಸಮಾನ ಹನಿ. ಆಮ್ಲ ಮತ್ತು ಕ್ಷಾರದಲ್ಲಿ ನಿರೀಕ್ಷಿತ ಬಣ್ಣ ಬಂದರೆ ಸೂಚಕ ನಿರಪರಾಧಿ. ನೀರಿನ ಪ್ರನಾಳ ಬಣ್ಣ ತೋರಿದರೆ ಅದನ್ನು ಬ್ಯಾಟರಿ ನೀರಿನಿಂದ ಮತ್ತೆ ತುಂಬಿ ನೋಡಬೇಕು. ಬಣ್ಣ ಉಳಿದರೆ ಪಾತ್ರೆಯ ದೋಷ, ಹೋದರೆ ನೀರಿನದು. ನೀರಿನ ಪ್ರನಾಳ ಬಣ್ಣ ತೋರದಿದ್ದರೂ ಅದರ ಕ್ಷಾರೀಯತೆ ಅಡಗಿರಬಹುದಾದ್ದರಿಂದ ಮೀಥೈಲ್ ಆರೆಂಜ್ ಹಾಕಿ, ಆಮ್ಲದ ಹನಿಗಳನ್ನು ಎಣಿಸಿಯೇ ತೀರ್ಮಾನಕ್ಕೆ ಬರಬೇಕು. ಒಂದು ಸಲಕ್ಕೆ ಒಂದೇ ಅಂಶ ಬದಲಿಸದಿದ್ದರೆ ಈ ಯಾವ ತೀರ್ಮಾನವೂ ನಿಲ್ಲದು.

ಕೊನೆಗೆ ಕಣ್ಣು ಮತ್ತು ಬೆಳಕು. ಮೀಥೈಲ್ ಆರೆಂಜಿನ ಹಳದಿ–ಕೆಂಪು ಸಂಧಿ ಹಳದಿ ಬಲ್ಬಿನ ಕೆಳಗೆ ಕಾಣುವುದು ಕಷ್ಟ. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇರಬೇಕು. ಕೆಂಪು–ಹಸಿರು ವರ್ಣಾಂಧತೆ ಹುಡುಗಿಯರಿಗಿಂತ ಹುಡುಗರಲ್ಲಿ ಬಹಳ ಹೆಚ್ಚು. ಅಂಥ ವಿದ್ಯಾರ್ಥಿಗೆ ಮೀಥೈಲ್ ಆರೆಂಜಿನ ಸಂಧಿಯನ್ನು ಹಿಡಿಯುವುದಕ್ಕಿಂತ ಬಣ್ಣವಿಲ್ಲದ ದ್ರಾವಣ ಗುಲಾಬಿಯಾಗುವುದನ್ನು ಗುರುತಿಸುವುದು ಸುಲಭ.

ಉಪಯೋಗಗಳು

ಅನುಮಾಪನ ಕೆಡಿಸುವ ಬೋರ್‌ವೆಲ್ ನೀರೇ ಒಳ್ಳೆಯ ಮಾದರಿಯೂ ಹೌದು. 100 ಮಿಲಿಲೀಟರ್ ನೀರಿಗೆ ಮೊದಲು ಫಿನಾಲ್ಫ್ಥಲೀನ್, ನಂತರ ಮೀಥೈಲ್ ಆರೆಂಜ್ ಹಾಕಿ 0.02 ನಾರ್ಮಲ್ ಗಂಧಕಾಮ್ಲದಿಂದ ಅಳೆದರೆ ಖರ್ಚಾದ ಒಟ್ಟು ಮಿಲಿಲೀಟರನ್ನು ಹತ್ತರಿಂದ ಗುಣಿಸಿದ ಅಂಕಿಯೇ ಲೀಟರಿಗೆ ಮಿಲಿಗ್ರಾಂ ಲೆಕ್ಕದ ಕ್ಷಾರೀಯತೆ. ಫಿನಾಲ್ಫ್ಥಲೀನ್ ಬಣ್ಣವನ್ನೇ ಕೊಡದಿದ್ದರೆ ಅದೆಲ್ಲ ಬೈಕಾರ್ಬನೇಟಿನದು.

ಮಣ್ಣಿನ ಮಾತು ಇದಕ್ಕೆ ಹೊಂದಿಕೊಂಡಿದೆ. ತುಂಗಭದ್ರಾ ಅಚ್ಚುಕಟ್ಟಿನ ಎರೆ ಹೊಲಗಳಲ್ಲಿ ನೀರು ನಿಂತು ಸವಳಾಗಿರುವುದು ಹಳೆಯ ಸಮಸ್ಯೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರದಲ್ಲಿ ಇದರ ಅಧ್ಯಯನ ನಡೆಯುತ್ತದೆ. ಬಿಳಿ ಉಪ್ಪು ಕಟ್ಟಿದ ಮಣ್ಣಿನ ತಿಳಿಗೆ ಫಿನಾಲ್ಫ್ಥಲೀನ್ ಹಾಕಿದರೆ ಗುಲಾಬಿ ಬಾರದಿರುವುದು ಶಾಲೆಯಲ್ಲಿ ಅಚ್ಚರಿ ಹುಟ್ಟಿಸಬಹುದು. ಆದರೆ ಲವಣಯುಕ್ತ ಮಣ್ಣಿನ ಪಿಎಚ್ 8.5ಕ್ಕಿಂತ ಕಡಿಮೆ, ಅಲ್ಲಿರುವುದು ಕ್ಲೋರೈಡ್ ಮತ್ತು ಸಲ್ಫೇಟ್; ಅದಕ್ಕಿಂತ ಮೇಲಿನದು ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣು. ಮೊದಲನೆಯದಕ್ಕೆ ಬಸಿಗಾಲುವೆ ಮತ್ತು ನೀರು ಹಾಯಿಸಿ ತೊಳೆಯುವುದು ಮದ್ದು, ಎರಡನೆಯದಕ್ಕೆ ಜಿಪ್ಸಂ.

ಇಂದಿನ ಸ್ಥಿತಿ

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಹೆಸರಿನಲ್ಲಿ, ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್‌ಗಳು ಹಳ್ಳಿಗಳಿಗೆ ಬಂದಿವೆ. ಅವುಗಳ ಪರೀಕ್ಷೆಗಳಲ್ಲಿ ಬಹಳಷ್ಟು ಬಣ್ಣ ಹೋಲಿಸುವಂಥವು. ಫ್ಲೋರೈಡ್ ಪತ್ತೆಗೆ ಹಿಂದಿನಿಂದ ಬಳಕೆಯಲ್ಲಿರುವ ಜಿರ್ಕೋನಿಯಂ–ಅಲಿಜರಿನ್ ಪರೀಕ್ಷೆಯಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಕರಗಿ ಹಳದಿಯಾಗುತ್ತದೆ. ಅಧಿಕ ಕ್ಷಾರೀಯತೆ, ಫಾಸ್ಫೇಟ್, ಅಲ್ಯೂಮಿನಿಯಂ ಮತ್ತು ಉಳಿಕೆ ಕ್ಲೋರಿನ್ ಈ ಬಣ್ಣವನ್ನೂ ಕದಲಿಸುತ್ತವೆ. ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಆಗಿರುವಾಗ ಇಂಥ ಪಲ್ಲಟ ಸಣ್ಣದಲ್ಲ. ಕಿಟ್ ಅನುಮಾನ ತೋರಿದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು.

ಸಾರ್ವತ್ರಿಕ ಸೂಚಕದ ಹಾಳೆಗಳು ಮತ್ತು ಕೈಯಲ್ಲಿ ಹಿಡಿಯುವ ಪಿಎಚ್ ಮಾಪಕಗಳು ಈಗ ಅಗ್ಗ. ಹಾಳೆ ಬಣ್ಣವಿರುವ ದ್ರಾವಣದಲ್ಲಿ ಮತ್ತು ಬ್ಲೀಚಿಂಗ್ ನೀರಿನಲ್ಲಿ ಕೈಕೊಡುತ್ತದೆ. ಮಾಪಕವನ್ನು ಬಫರ್ ದ್ರಾವಣಗಳಲ್ಲಿ ಸರಿಹೊಂದಿಸಬೇಕು, ಮತ್ತು ಬಫರಿನ ಅಂಕಿ ತಾಪದೊಂದಿಗೆ ಬದಲಾಗುತ್ತದೆ: ಬಿಳಿಗಾರದ ಪ್ರಮಾಣಿತ ಬಫರ್ 25 ಡಿಗ್ರಿಯಲ್ಲಿ 9.18 ಇದ್ದದ್ದು 40 ಡಿಗ್ರಿಯಲ್ಲಿ 9.07; ಥ್ಯಾಲೇಟ್ ಬಫರ್ 4.01ರಿಂದ 4.04ರ ಹತ್ತಿರಕ್ಕೆ ಏರುತ್ತದೆ. ಶುದ್ಧ ನೀರಿನ ತಟಸ್ಥ ಬಿಂದು ಕೂಡ 40 ಡಿಗ್ರಿಯಲ್ಲಿ 7 ಅಲ್ಲ, ಸುಮಾರು 6.77. ಬೇಸಿಗೆ ಮಧ್ಯಾಹ್ನ ಫ್ಯಾನಿಲ್ಲದ ಕೊಠಡಿಯಲ್ಲಿ ಮಾಪಕ ಬಳಸುವ ಶಾಲೆಗೆ ಬಫರ್ ಪೊಟ್ಟಣದ ಹಿಂಬದಿಯಲ್ಲಿ ಮುದ್ರಿಸಿರುವ ತಾಪದ ಪಟ್ಟಿ ಬೇಕಾಗುತ್ತದೆ.